ಲೇಸರ್‌ನಿಂದ ಮಚ್ಚೆ ತೆಗೆಸಿದ ಮೇಲಿನ ಗಾಯ ಮತ್ತು ಆರೈಕೆ

ಮೈಮೇಲಿನ ಮಚ್ಚೆಯನ್ನು ಲೇಸರ್ ಕಿರಣದಿಂದ ಸುಟ್ಟು ತೆಗೆದಾಗ ಅಲ್ಲಿ ಸಣ್ಣ, ಆಳವಿಲ್ಲದ ಗಾಯವೊಂದು ಉಳಿಯುತ್ತದೆ. ಉಬ್ಬಿದ ಮಚ್ಚೆಗಳಿಗೆ ಹೆಚ್ಚಾಗಿ ಬಳಸುವುದು 10,600 ನ್ಯಾನೊಮೀಟರ್ ತರಂಗಾಂತರದ ಕಾರ್ಬನ್ ಡೈಆಕ್ಸೈಡ್ ಲೇಸರ್. ಬಾರಾಮತಿಯಲ್ಲಿ ಹುಟ್ಟಿದ ಸಿ. ಕುಮಾರ್ ಪಟೇಲ್ ಇದನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದರು. ಜೀವಕೋಶದೊಳಗಿನ ನೀರು ಕಿರಣವನ್ನು ಹೀರಿಕೊಂಡು ಆವಿಯಾಗುವುದರಿಂದ ಮಚ್ಚೆ ಪದರ ಪದರವಾಗಿ ಹೋಗುತ್ತದೆ. ಜಾಗವನ್ನು ಮರಗಟ್ಟಿಸಿ ಮಾಡುವ ಈ ಕೆಲಸ ಕೆಲವೇ ನಿಮಿಷಗಳದ್ದು. ಗಾಯ ಮಾಯಲು ವಾರಗಳು ಬೇಕು, ಚರ್ಮದ ಬಣ್ಣ ಕೂಡಿಕೊಳ್ಳಲು ತಿಂಗಳುಗಳೇ ಬೇಕು.

ಮೊದಲ ದಿನ ಜಾಗ ಕೆಂಪಾಗಿ, ಸ್ವಲ್ಪ ಊದಿ, ನೀರಿನಂಥ ರಸ ಒಸರುತ್ತದೆ. ಎರಡು ಮೂರು ದಿನಗಳಲ್ಲಿ ಕಂದು ಹಕ್ಕಳೆ ಕಟ್ಟುತ್ತದೆ. ಮುಖದ ಮೇಲಾದರೆ ಅದು ಸಾಮಾನ್ಯವಾಗಿ ಏಳರಿಂದ ಹತ್ತು ದಿನಗಳಲ್ಲಿ ತಾನೇ ಉದುರುತ್ತದೆ. ಬೆನ್ನು, ಕಾಲುಗಳಲ್ಲಿ ಎರಡು ಮೂರು ವಾರ ಹಿಡಿಯಬಹುದು. ಕೆಳಗೆ ಕಾಣುವ ಎಳೆಯ ಗುಲಾಬಿ ಚರ್ಮ ಕ್ರಮೇಣ ಸುತ್ತಲಿನ ಬಣ್ಣಕ್ಕೆ ಬರುತ್ತದೆ. ಒಳಗೆ ಕೊಲಾಜನ್ ಎಳೆಗಳ ಮರುಜೋಡಣೆ ವರ್ಷದವರೆಗೂ ನಡೆದಿರುತ್ತದೆ. ಹಕ್ಕಳೆಯನ್ನು ಉಗುರಿನಿಂದ ಕಿತ್ತರೆ ಹೊಸ ಚರ್ಮವೂ ಜೊತೆಗೇ ಕಿತ್ತುಬರುತ್ತದೆ. ಆ ಜಾಗದಲ್ಲಿ ಕಾಣಿಸುವ ಗುಳಿಗಳಲ್ಲಿ ಎಷ್ಟೋ ಇದರಿಂದ ಆದವು, ಲೇಸರ್‌ನಿಂದಲ್ಲ.

‘ಗಾಯಕ್ಕೆ ಗಾಳಿಯಾಡಬೇಕು, ಒಣಗಬೇಕು’ ಎಂಬುದು ನಮ್ಮ ಮನೆಗಳಲ್ಲಿ ಬೇರೂರಿದ ನಂಬಿಕೆ. 1962ರಲ್ಲಿ ಬ್ರಿಟನ್ನಿನ ಜಾರ್ಜ್ ವಿಂಟರ್ ಹಂದಿಗಳ ಮೇಲೆ ನಡೆಸಿದ ಪ್ರಯೋಗ ಇದಕ್ಕೆ ವಿರುದ್ಧವಾದುದನ್ನು ತೋರಿಸಿತು: ತೇವ ಉಳಿಸಿಕೊಂಡ ಗಾಯದ ಮೇಲೆ ಹೊರಚರ್ಮ ಸುಮಾರು ಇಮ್ಮಡಿ ವೇಗದಲ್ಲಿ ಹಬ್ಬಿತು. ಆದ್ದರಿಂದ ದಿನಕ್ಕೆ ಒಂದೆರಡು ಸಲ ಶುದ್ಧ ನೀರು, ಸೌಮ್ಯ ಸಾಬೂನಿನಿಂದ ಮೆಲ್ಲನೆ ತೊಳೆದು, ಒತ್ತಿ ಒರೆಸಿ, ಪೆಟ್ರೋಲಿಯಂ ಜೆಲ್ಲಿಯ ತೆಳು ಲೇಪ ಹಚ್ಚಿದರೆ ಸಾಮಾನ್ಯವಾಗಿ ಸಾಕು. ವೈದ್ಯರು ಬರೆದುಕೊಟ್ಟಿದ್ದರೆ ಮಾತ್ರ ಆ್ಯಂಟಿಬಯೋಟಿಕ್ ಮುಲಾಮು. ಅರಿಶಿನ, ವಿಭೂತಿ, ಟೂತ್‌ಪೇಸ್ಟ್ ಹಸಿಗಾಯಕ್ಕೆ ಬೇಡ. ಮಚ್ಚೆ ಉದುರಿಸಲು ಸುಣ್ಣ, ಸೋಡಾ ಹಚ್ಚುವ ರೂಢಿಯಂತೂ ಅಳತೆಯಿಲ್ಲದ ಸುಟ್ಟಗಾಯವನ್ನು ಕೈಯಾರೆ ಮಾಡಿಕೊಂಡಂತೆ. ಹುಬ್ಬಿನ ನಡುವಿನ ಮಚ್ಚೆ ತೆಗೆಸಿದವರು ಪೂರ್ತಿ ಮಾಯುವ ತನಕ ಕುಂಕುಮ, ಅಂಟುಬೊಟ್ಟುಗಳನ್ನು ದೂರವಿಡಬೇಕು. ಕೆಲವು ಅಂಟುಬೊಟ್ಟುಗಳ ಗೋಂದಿನಲ್ಲಿರುವ ರಾಸಾಯನಿಕದಿಂದ ಚರ್ಮ ಬೆಳ್ಳಗಾದ ಪ್ರಕರಣಗಳು ಭಾರತದಲ್ಲೇ ದಾಖಲಾಗಿವೆ. ಊದುಬತ್ತಿ ಹೊಸೆಯುವುದು ಮೈಸೂರಿನ ಹಳೆಯ ಕಸುಬು. ಆ ಕೆಲಸದವರು ಗಾಯವನ್ನು ಮುಚ್ಚಿಟ್ಟುಕೊಳ್ಳಲೇಬೇಕು, ಏಕೆಂದರೆ ಅದಕ್ಕೆ ಬಳಸುವ ಇದ್ದಿಲ ಪುಡಿ ತೆರೆದ ಗಾಯದೊಳಗೆ ಸೇರಿದರೆ ಹಚ್ಚೆಯಂತೆ ಅಲ್ಲೇ ಉಳಿಯಬಹುದು.

ನಮ್ಮವರ ಗೋಧಿ, ಕಂದು ಬಣ್ಣದ ಚರ್ಮದಲ್ಲಿ ನಿಜವಾದ ತೊಡಕು ಗಾಯದ್ದಲ್ಲ, ಕಲೆಯದು. ಉರಿಯೂತಕ್ಕೆ ಕೆರಳಿದ ವರ್ಣಕೋಶಗಳು ಹೆಚ್ಚು ಮೆಲನಿನ್ ಸುರಿಸಿ, ಮಚ್ಚೆ ಇದ್ದಲ್ಲಿ ಕಪ್ಪು ಗುರುತು ಬಿಡುತ್ತವೆ. ಬಿಸಿಲು ಅದನ್ನು ಗಾಢವಾಗಿಸುತ್ತದೆ. ಮೈಸೂರು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿದೆ. ಏಪ್ರಿಲ್ ಕೊನೆಯ ಭಾಗದಲ್ಲಿ ಮತ್ತು ಆಗಸ್ಟ್ ಮೂರನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯ ಮೇಲೆಯೇ ಇರುತ್ತಾನೆ. ಮೈಸೂರಿನ ಹವೆ ತಂಪು ಎಂಬ ಹೆಸರನ್ನು ನಂಬಿ ಅತಿನೇರಳೆ ಕಿರಣವನ್ನು ಮರೆಯುವಂತಿಲ್ಲ. ಹಕ್ಕಳೆ ಉದುರಿದ ಮೇಲೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನನ್ನು ಕನಿಷ್ಠ ಕೆಲವು ತಿಂಗಳು ಹಚ್ಚಬೇಕು. ಹಕ್ಕಳೆ ಉದುರುವವರೆಗೆ ಕೊಡೆ, ಟೋಪಿ, ಸೆರಗೇ ರಕ್ಷೆ. ಸ್ಕೂಟರ್ ಓಡಿಸುವವರು ಹೆಲ್ಮೆಟ್ಟಿನ ಪಟ್ಟಿ ಗಾಯಕ್ಕೆ ಉಜ್ಜದಂತೆ ಮೇಲೊಂದು ಪಟ್ಟಿ ಹಾಕಿಕೊಳ್ಳುವುದು ಒಳ್ಳೆಯದು.

ಕಲೆ ಕಂಡೊಡನೆ ಮೆಡಿಕಲ್ ಶಾಪಿನಿಂದ ‘ಬೆಳ್ಳಗಾಗುವ ಕ್ರೀಮ್’ ತರುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಇಂಥ ಎಷ್ಟೋ ಟ್ಯೂಬುಗಳಲ್ಲಿ ಪ್ರಬಲ ಸ್ಟೀರಾಯ್ಡ್ ಇರುತ್ತದೆ. ಚರ್ಮ ತೆಳುವಾಗಿ, ಮೊಡವೆ ಎದ್ದು, ಕ್ರೀಮ್ ಬಿಟ್ಟರೆ ಉರಿ ಶುರುವಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಲೇಪಗಳಿಗೆ ವೈದ್ಯರ ಚೀಟಿಯನ್ನು ಕಡ್ಡಾಯಗೊಳಿಸಿತು. ಎದೆ, ಭುಜ, ಬೆನ್ನಿನ ಮೇಲ್ಭಾಗ, ದವಡೆಯಂಚುಗಳಲ್ಲಿ ಕಲೆ ಗಟ್ಟಿಯಾಗಿ ಉಬ್ಬಿ ಕೆಲಾಯ್ಡ್ ಆಗುವ ಸಂಭವ ಹೆಚ್ಚು. ಮೊದಲೇ ಇಂಥ ಪ್ರವೃತ್ತಿ ಇದ್ದವರು ಅದನ್ನು ಚಿಕಿತ್ಸೆಗೆ ಮುನ್ನವೇ ಹೇಳಬೇಕು. ನೋವು ದಿನದಿಂದ ದಿನಕ್ಕೆ ಏರಿದರೆ, ಕೀವು ಬಂದರೆ, ಕೆಂಪು ಹರಡಿದರೆ, ಜ್ವರ ಕಾಣಿಸಿದರೆ ಕಾಯದೆ ವೈದ್ಯರ ಬಳಿ ಹೋಗಬೇಕು. ಸಕ್ಕರೆ ಕಾಯಿಲೆಯವರಲ್ಲಿ ಮಾಯುವುದು ನಿಧಾನ.

ಕಾರ್ಬನ್ ಡೈಆಕ್ಸೈಡ್ ಲೇಸರ್ ಬಳಕೆಗೆ ಭಾರತದ ಚರ್ಮವೈದ್ಯರ ಸಂಘದ ಮಾರ್ಗಸೂಚಿ 2008ರಲ್ಲಿ ಪ್ರಕಟವಾಯಿತು. ಅದನ್ನು ಬರೆದವರು ಬೆಂಗಳೂರಿನ ಡಿ. ಎಸ್. ಕೃಪಾಶಂಕರ್. ನಿರಪಾಯಕಾರಿ ಗಂಟು, ಮಚ್ಚೆಗಳಿಗಷ್ಟೇ ಈ ವಿಧಾನ ಎಂಬುದು ವೃತ್ತಿಯ ಒಪ್ಪಿತ ನಿಯಮ. ಲೇಸರ್ ಆವಿ ಮಾಡಿದ ಮಚ್ಚೆಯಿಂದ ಪರೀಕ್ಷೆಗೆ ತುಣುಕೇನೂ ಉಳಿಯುವುದಿಲ್ಲ. ಬ್ಯೂಟಿ ಪಾರ್ಲರಿನಲ್ಲಿ ಮಚ್ಚೆ ಸುಡಿಸುವುದು ಅಪಾಯ ಎನ್ನುವುದು ಇದಕ್ಕೇ. ಅಂಚು ಒಡೆದ, ಬಣ್ಣ ಬೆರೆತ, ಬೇಗ ಬೆಳೆಯುವ, ರಕ್ತ ಒಸರುವ ಮಚ್ಚೆಯನ್ನು ಕತ್ತರಿಸಿ ಬಯಾಪ್ಸಿಗೆ ಕಳಿಸಬೇಕು. ಭಾರತೀಯರಲ್ಲಿ ಮೆಲನೋಮ ವಿರಳ. ಬಂದಾಗ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನಡಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಬುಡದಲ್ಲಿ ಕೋಶಗಳು ಉಳಿದಿದ್ದರೆ ಕೆಲವು ತಿಂಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಕಪ್ಪು ಕಾಣಿಸಬಹುದು. ಹೀಗೆ ಮರಳಿದ ನಿರುಪದ್ರವಿ ಮಚ್ಚೆ ಸೂಕ್ಷ್ಮದರ್ಶಕದಡಿ ಕೂಡ ಮೆಲನೋಮದಂತೆ ತೋರಿ ಹಾದಿ ತಪ್ಪಿಸುವುದುಂಟು. ಆಗ ಇನ್ನೊಮ್ಮೆ ಲೇಸರ್ ಮಾಡಿಸಿಕೊಳ್ಳದೆ ಚರ್ಮವೈದ್ಯರಿಗೆ ತೋರಿಸಿ, ಅಲ್ಲಿ ಹಿಂದೆ ಲೇಸರ್ ಆಗಿದೆ ಎಂಬುದನ್ನು ತಪ್ಪದೆ ತಿಳಿಸಿ.