ಜಪಾನಿನ ಪಾಠವೂ ರಾಯಚೂರಿನ ಪಾಟಿಯೂ

1922ರಲ್ಲಿ ಹೈದರಾಬಾದು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ಸೈಯದ್ ರಾಸ್ ಮಸೂದರು, ಪ್ರಾಚ್ಯದೇಶಗಳಲ್ಲಿ ಒಂದಾದ ಜಪಾನು ಅರ್ಧಶತಮಾನದೊಳಗೆ ಪಾಶ್ಚಾತ್ಯ ಪ್ರಬಲರಾಷ್ಟ್ರಗಳಿಗೆ ಸರಿಸಮನಾದ ರಹಸ್ಯವೇನೆಂಬುದನ್ನು ಕಣ್ಣಾರೆ ಕಂಡುಬರಲೆಂದು ಸರಕಾರದ ಅಪ್ಪಣೆಯ ಮೇರೆಗೆ ಹಡಗು ಹತ್ತಿದಾಗ, ಆ ಪ್ರಯಾಣಕ್ಕೂ ಅದೇ ಸಂಸ್ಥಾನದ ರಾಯಚೂರು ಸೀಮೆಯ ದೇವದುರ್ಗದ ಯಾವುದೋ ಕಟ್ಟೆಯ ಮೇಲೆ ಪಾಟಿ ಹಿಡಿದು ಕುಳಿತಿದ್ದ ಬಾಲಕನಿಗೂ ಸಂಬಂಧವುಂಟೆಂದು ಯಾರೂ ಭಾವಿಸಿರಲಾರರು. ಸಂಬಂಧವಿದ್ದದ್ದು ನಿಜ, ಅದು ಕೊಂಚ ವಕ್ರವಾದ ಸಂಬಂಧವಾಗಿತ್ತೆಂಬುದು ಬೇರೆ ಮಾತು.

ಮಸೂದರು ಸಾಮಾನ್ಯರಲ್ಲ. ಅಲಿಗಢದ ಸರ್ ಸೈಯದ್ ಅಹಮದ್ ಖಾನರ ಮೊಮ್ಮಗ, ಆಕ್ಸ್‌ಫರ್ಡಿನಲ್ಲಿ ಓದಿದವರು. 1924ರಲ್ಲಿ ಹೊರಬಂದ ತನ್ನ ಹೆಸರಾಂತ ಭಾರತೀಯ ಕಾದಂಬರಿಯನ್ನು ಆಂಗ್ಲ ಲೇಖಕ ಫಾರ್ಸ್ಟರ್ ಅರ್ಪಿಸಿದ್ದು ಈ ಗೆಳೆಯನಿಗೇ. ಅಂಥವರು ಪರದೇಶಿಯಾಗಿ ಜಪಾನಿಗೆ ಹೋದದ್ದು ವಿನೋದಕ್ಕಲ್ಲ, ವಿದ್ಯಾರ್ಥಿತನಕ್ಕೆ. ಅವರಿಗೆ ಎದುರಾದ ಜಪಾನು 1872ರಲ್ಲಿಯೇ ಊರೂರಿಗೂ ಶಾಲೆಯೆಂಬ ಶಾಸನವನ್ನು ಹೊರಡಿಸಿ, ಇಪ್ಪತ್ತನೆಯ ಶತಮಾನದ ಮೊದಲ ದಶಕ ಮುಗಿಯುವಷ್ಟರಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತಲೂ ಹೆಚ್ಚು ಮಕ್ಕಳನ್ನು ಪ್ರಾಥಮಿಕ ಶಾಲೆಗೆ ಸೇರಿಸಿದ್ದ ದೇಶ. ಮೊದಮೊದಲು ಆ ದೇಶದ ವಿಶ್ವವಿದ್ಯಾಲಯದಲ್ಲಿಯೂ ದುಬಾರಿ ಸಂಬಳದ ಪರದೇಶದ ಪಂಡಿತರು ತಂತಮ್ಮ ಭಾಷೆಗಳಲ್ಲಿಯೇ ಬೋಧಿಸುತ್ತಿದ್ದರು; ಒಂದು ತಲೆಮಾರು ಕಳೆಯುವುದರೊಳಗೆ ಅವರ ಪೀಠಗಳಲ್ಲಿ ಜಪಾನೀಯರೇ ಕುಳಿತರು, ವೈದ್ಯ, ಯಂತ್ರಶಾಸ್ತ್ರ, ನ್ಯಾಯಶಾಸ್ತ್ರಗಳೆಲ್ಲವೂ ಜಪಾನೀ ಮಾತಿನಲ್ಲಿ ನುಡಿಯತೊಡಗಿದವು. ಮಸೂದರು ಹಿಂದಿರುಗಿ 1923ರಲ್ಲಿ ಜಪಾನಿನ ವಿದ್ಯಾಪದ್ಧತಿಯನ್ನು ಕುರಿತು ಗ್ರಂಥವೊಂದನ್ನೇ ಪ್ರಕಟಿಸಿದರು. ತನ್ನ ಭಾಷೆಯಲ್ಲಿ ಕಲಿತ ಜನವೇ ತಲೆಯೆತ್ತೀತೆಂಬ ಅವರ ನಿಲುವಿಗೆ ಆ ದ್ವೀಪರಾಷ್ಟ್ರವು ಸಾಕ್ಷಿಯಾಗಿ ದೊರೆತಿತ್ತು.

ನಿಲುವೇನೋ ನಿರ್ದುಷ್ಟವಾದದ್ದೇ. ಆದರೆ "ತನ್ನ ಭಾಷೆ" ಎಂಬಲ್ಲಿ ಆ "ತಾನು" ಯಾರು? 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವಿನಲ್ಲಿ ಉಚ್ಚಶಿಕ್ಷಣವನ್ನು ಕೊಡುವ ಸಾಹಸಕ್ಕೆ ಕೈಹಾಕಿತ್ತು. ಅದಕ್ಕಾಗಿ ಭಾಷಾಂತರ ಕಾರ್ಯಾಲಯವೊಂದನ್ನು ತೆರೆದು ಶಾಸ್ತ್ರಗ್ರಂಥಗಳನ್ನು ರಾಶಿರಾಶಿಯಾಗಿ ಉರ್ದುವಿಗಿಳಿಸಲಾಯಿತು. ಭಾರತೀಯ ಭಾಷೆಯೊಂದು ಇಂಗ್ಲಿಷಿನ ಪೀಠವನ್ನೇರಿತೆಂಬುದಕ್ಕಾಗಿ ನಾನು ಆ ಸಾಹಸಕ್ಕೆ ಇಂದಿಗೂ ತಲೆಬಾಗುತ್ತೇನೆ. ಆದರೆ ಸಂಸ್ಥಾನದ ಪ್ರಜೆಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ತೆಲುಗರು, ಕಾಲುಭಾಗ ಮರಾಠಿಗರು, ಹತ್ತರಲ್ಲೊಂದು ಪಾಲು ಕನ್ನಡಿಗರು. ಉರ್ದುವನ್ನು ಮನೆಮಾತಾಗಿ ಉಳ್ಳವರೂ ಹತ್ತರಲ್ಲೊಂದು ಪಾಲಿನ ಆಸುಪಾಸಿನವರೇ. ಟೋಕಿಯೋದ ಬಾಲಕನು ಅವ್ವನ ಮಾತಿನಲ್ಲಿಯೇ ಗಣಿತ ಕಲಿತನೆಂಬ ದೃಷ್ಟಾಂತವನ್ನು ಮುಂದಿಟ್ಟುಕೊಂಡು ರಾಯಚೂರು ಸೀಮೆಯ ಮಾನ್ವಿಯ ಬಾಲಕನಿಗೆ ಅವ್ವನಿಗೆ ತಿಳಿಯದ ಮಾತಿನಲ್ಲಿ ಗಣಿತ ಕಲಿಸಿದ್ದು ಈ ಪ್ರಕರಣದ ವಿಪರ್ಯಾಸ.

ಮೊದಲ ತರಗತಿಗಳಲ್ಲಿ ಕನ್ನಡಕ್ಕೆ ಕೊಂಚ ಎಡೆಯಿತ್ತು. ಮೇಲೇರಿದಂತೆಲ್ಲ ಉರ್ದುವೇ ಸರ್ವಸ್ವ. ಐಗಳ ಸಾಲಿಯಲ್ಲಿ ಮರಳ ಮೇಲೆ ಬೆರಳಾಡಿಸಿ ಓಂನಾಮ ತಿದ್ದಿ, ಮಗ್ಗಿಯನ್ನು ರಾಗವಾಗಿ ಒದರುತ್ತಿದ್ದ ಹುಡುಗನನ್ನು ಸರಕಾರಿ ಮದರಸಾಕ್ಕೆ ಹಾಕಿದಾಗ ಆತನ ಕೈಯ ಪಾಟಿಯ ಮೇಲೆ ಏನಾಗುತ್ತಿತ್ತೆಂಬುದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಕನ್ನಡದ ಅಕ್ಷರವು ಎಡದಂಚಿನಿಂದ ಹೊರಟು ಬಲಕ್ಕೆ ನಡೆಯುತ್ತದೆ. ಅಲಿಫ್-ಬೇಗಳು ಬಲದಂಚಿನಿಂದ ಹೊರಟು ಎಡಕ್ಕೆ ಹರಿಯುತ್ತವೆ. ಹಗಲು ಬಲದಿಂದ ಬರೆದು, ಅಂಗೈಯಿಂದ ಒರೆಸಿ, ಸಂಜೆ ಅದೇ ಪಾಟಿಯ ಮೇಲೆ ಎಡದಿಂದ ಬರೆಯುವ ಮಗುವಿಗೆ ಒಂದೇ ಸಮಾಧಾನವಿತ್ತು: ಅಂಕಿಗಳ ರೂಪ ಬೇರೆಯಾದರೂ ಅವು ಮಾತ್ರ ಎರಡು ಬರಹಗಳಲ್ಲಿಯೂ ಎಡದಿಂದಲೇ ಸಾಗುತ್ತಿದ್ದವು. ಲೆಕ್ಕವಾದರೂ ನಮ್ಮದೆನ್ನುವ ಹಾಗಿತ್ತು! ನಮ್ಮ ಕಡೆಯಲ್ಲಿ "ಪರದೇಶಿ" ಎಂದರೆ ಬೇರೆ ನಾಡಿನವನು ಮಾತ್ರವಲ್ಲ, ದಿಕ್ಕಿಲ್ಲದವನೂ ಅಹುದು; ಹುಟ್ಟಿದೂರನ್ನು ಬಿಟ್ಟು ಕದಲದೆಯೇ ಆ ಹುಡುಗನು ಎರಡರ್ಥದಲ್ಲಿಯೂ ಪರದೇಶಿಯಾದನು.

ಶಾಲೆಯ ಹೊರಗಾದರೂ ಬಾಳು ಹೀಗೆಯೇ ಇಬ್ಬಗೆಯದಾಗಿತ್ತು. ಕಚೇರಿಯ ಕಾಗದದ ಮೇಲೆ ಫಸಲಿ ವರ್ಷ, ಮನೆಯ ಪಂಚಾಂಗದಲ್ಲಿ ಶಕವರ್ಷ, ರೈಲಿನ ಚೀಟಿಯಲ್ಲಿ ಕ್ರಿಸ್ತವರ್ಷ. ಮಸೂದರು ಜಪಾನಿಗೆ ಹೋದ ವರ್ಷವನ್ನು ರಾಯಚೂರಿನ ಗುಮಾಸ್ತನು ಫಸಲಿ 1331-32 ಎಂದು ಬರೆದಿದ್ದಾನು. ಮುಂಬಯಿಯ ಕಡೆಯಿಂದ ಬಂದ ಹಳಿಯೂ ಮದರಾಸಿನ ಕಡೆಯಿಂದ ಬಂದ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡಂದಿನಿಂದ ಜಗತ್ತೆಲ್ಲ ಈ ನಿಲ್ದಾಣದ ಮೇಲೆ ಹಾದುಹೋಗುತ್ತಿತ್ತು. ಆದರೂ ತುಂಗಭದ್ರೆಯ ಸೇತುವೆಯನ್ನು ದಾಟಿ ಬ್ರಿಟಿಷರ ಸೀಮೆಯಾದ ಆಚೆ ದಂಡೆಗೆ ಕಾಲಿಟ್ಟವನ ಸೊಂಟದ ಚೀಲದಲ್ಲಿದ್ದ ಸಂಸ್ಥಾನದ ನಾಣ್ಯ ಹಾಲಿ ಸಿಕ್ಕಾ ಅಲ್ಲಿ ನಡೆಯುತ್ತಿರಲಿಲ್ಲ. ಬ್ರಿಟಿಷರ ರೂಪಾಯಿಯಾದ ಕಲ್ದಾರು ನೂರಕ್ಕೆ ಸುಮಾರು 116 ಹಾಲಿ ಸಿಕ್ಕಾ ಎಣಿಸಿಕೊಟ್ಟು ಬದಲಾಯಿಸಿಕೊಳ್ಳಬೇಕು. ಒಂದು ಹೊಳೆ ದಾಟುವುದೂ ದೇಶಾಂತರ ಹೋಗುವುದೂ ಒಂದೇ ಆಗಿದ್ದ ಕಾಲವದು.

ಇದೇ ನೆಲದಲ್ಲಿ ಇದಕ್ಕೂ ಒಂದೂವರೆ ಶತಮಾನದ ಹಿಂದೆ ತದ್ವಿರುದ್ಧವಾದ ಪ್ರಸಂಗವೊಂದು ನಡೆದಿತ್ತು, ವಿಷಯಾಂತರವೆನಿಸಿದರೂ ಹೇಳದಿರಲಾರೆ. ಮಾನ್ವಿ ಸೀಮೆಯ ಬ್ಯಾಗವಾಟದಲ್ಲಿ 1728ರಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ಸಂಸ್ಕೃತದಲ್ಲಿ ಉದ್ದಾಮ ಪಂಡಿತರು. ಕನ್ನಡದಲ್ಲಿ ಹಾಡಿಕೊಂಡು ತಿರುಗುವ ದಾಸರೆಂದರೆ ಅವರಿಗೆ ತಾತ್ಸಾರ. ಚೀಕಲಪರವಿಯ ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆವ ಹೇಳಿ ತಪ್ಪಿಸಿಕೊಂಡರೆಂದೂ, ನೆವವೇ ನಿಜವಾಗಿ ಶೂಲೆ ಹಿಡಿದು ಪ್ರಾಣಾಂತಿಕವಾಯಿತೆಂದೂ, ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು ಜೋಳದ ಭಕ್ಕರಿಯನ್ನು ಮಂತ್ರಿಸಿಕೊಟ್ಟು, ತಮ್ಮ ಆಯುಷ್ಯದಲ್ಲಿ ನಾಲ್ವತ್ತು ವರುಷಗಳನ್ನು ಧಾರೆಯೆರೆದು ಬದುಕಿಸಿದರೆಂದೂ ದಾಸಪರಂಪರೆಯ ಐತಿಹ್ಯ. ಐತಿಹ್ಯದ ಮಾತು ಹಾಗಿರಲಿ. ಆ ಪಂಡಿತರು ಜಗನ್ನಾಥದಾಸರಾಗಿ, ಮೂವತ್ತೆರಡು ಸಂಧಿಗಳ "ಹರಿಕಥಾಮೃತಸಾರ"ವನ್ನು ಭಾಮಿನೀ ಷಟ್ಪದಿಯಲ್ಲಿ ಕನ್ನಡದಲ್ಲಿ ರಚಿಸಿ, 1809ರವರೆಗೆ ಬಾಳಿದುದು ನಿರ್ವಿವಾದ. ಪಾಂಡಿತ್ಯವು ಮನೆಮಾತಿನ ಹೊಸ್ತಿಲಿಗೆ ಬಂದು ಬಾಗಿದ ಊರು ಮಾನ್ವಿ. ಆತ್ಮಸಂಸ್ಕಾರವೆಂಬುದಕ್ಕೆ ನಾನು ಬಲ್ಲ ನಿದರ್ಶನಗಳಲ್ಲಿ ಇದಕ್ಕಿಂತ ದಿಟ್ಟವಾದದ್ದು ವಿರಳ.

ಮಸೂದರು ಜಪಾನಿನಲ್ಲಿ ಕಲಿಯುತ್ತಿದ್ದ ದಿನಗಳಲ್ಲಿ ರಾಯಚೂರಿನಲ್ಲಿಯೂ ಒಬ್ಬ ಪರದೇಶಿಯಿದ್ದರು. ಮಂಗಳೂರಿನಲ್ಲಿ 1891ರಲ್ಲಿ ಹುಟ್ಟಿ, ವೈದ್ಯ ಕಲಿಯಲು ಹೈದರಾಬಾದಿಗೆ ಬಂದು, ಈ ಬಿಸಿಲೂರಿಗೆ ಮನಸೋತ ಪಂಡಿತ ತಾರಾನಾಥರು. ಕಡಲ ತೀರದ ತೇವದಲ್ಲಿ ಬೆಳೆದವರು ಎರೆನೆಲದ ಧೂಳಿಗೂ ಬೇವಿನ ನೆರಳಿಗೂ ಒಗ್ಗಿಕೊಂಡರು. ಅಕ್ಕಿಯ ನಾಡಿನವರು ಜೋಳದ ನಾಡಿನವರಾದರು. ಆಯುರ್ವೇದ, ಯೋಗ, ಸಂಗೀತಗಳಲ್ಲಿ ಪರಿಶ್ರಮವಿದ್ದ ಅವರು 1920ರಲ್ಲಿ ಇಲ್ಲಿ ಶಾಲೆಯೊಂದನ್ನು ತೆರೆದು "ಹಮ್‌ದರ್ದ್" ಎಂದು ಹೆಸರಿಟ್ಟರು. ಫಾರಸಿಯಲ್ಲಿ "ಹಮ್" ಎಂದರೆ ಕೂಡ, "ದರ್ದ್" ಎಂದರೆ ನೋವು: ಜೊತೆಗೆ ನೋಯುವವನು. ಆಳುವವರ ಭಾಷೆಯ ಬಗೆಗೆ ಹಗೆಯಿಲ್ಲದೆ, ಅದರಲ್ಲಿಯೇ ಒಂದು ಒಳ್ಳೆಯ ಮಾತನ್ನು ಆರಿಸಿ, ಹಿಂದೂ ಮುಸಲ್ಮಾನರಿಬ್ಬರಿಗೂ ಸಲ್ಲುವಂತೆ ಬಾಗಿಲ ಮೇಲೆ ಬರೆದದ್ದು ಮಸೂದರ ಗ್ರಂಥಕ್ಕಿಂತ ಕಡಿಮೆಯಾದ ವಿವೇಕವೆಂದು ನನಗೆ ತೋರುವುದಿಲ್ಲ. 1924ರಲ್ಲಿ ಸರಕಾರದ ಪೂರ್ವಾನುಮತಿಯಿಲ್ಲದೆ ಖಾನಗಿ ಶಾಲೆ ನಡೆಯಕೂಡದೆಂಬ ನಿಯಮ ಬಂದು, ಸಂಸ್ಥಾನದಲ್ಲಿ ಜನರೇ ನಡೆಸುವ ಶಾಲೆಗಳ ಬಾಳು ದುರ್ಭರವಾಯಿತು. ತಾರಾನಾಥರ "ಪ್ರೇಮಾಯತನ" ಆಶ್ರಮವು ಎದ್ದದ್ದು ತುಂಗಭದ್ರಾ ರೈಲು ನಿಲ್ದಾಣದ ಬಳಿ, ಹೊಳೆಯ ಆಚೆ ದಂಡೆಯಲ್ಲಿ, ಕಲ್ದಾರು ನಡೆಯುವ ಸೀಮೆಯಲ್ಲಿ. 1942ರಲ್ಲಿ ಅವರು ತೀರಿಕೊಂಡರು.

ಅದಕ್ಕೆ ಮೊದಲೇ, 1934ರಲ್ಲಿ, ಕನ್ನಡ ಸಾಹಿತ್ಯ ಸಮ್ಮೇಳನವು ರಾಯಚೂರಿಗೆ ಬಂದಿತು. ಅಧ್ಯಕ್ಷಪೀಠದಲ್ಲಿ ಕುಳಿತವರು ಮತ್ತೊಬ್ಬ ಕರಾವಳಿಯವರು, ಬಂಟ್ವಾಳದ ಪಂಜೆ ಮಂಗೇಶರಾಯರು. ಮಕ್ಕಳಿಗಾಗಿ ಹಾಡು ಕಟ್ಟಿದ, ಜೀವಮಾನವನ್ನೆಲ್ಲ ಶಾಲೆಗಳಲ್ಲಿ ಸವೆಸಿದ ಆ ಹಿರಿಯರನ್ನು, ಮನೆಮಾತು ಶಾಲೆಯ ಹೊರಬಾಗಿಲಲ್ಲಿ ನಿಂತಿದ್ದ ಊರಿಗೆ ಬರಮಾಡಿಕೊಂಡದ್ದು ಆಕಸ್ಮಿಕವಾಗಿರಲಿ, ಉದ್ದೇಶಪೂರ್ವಕವಾಗಿರಲಿ, ಉಚಿತವಾಗಿತ್ತು. ಮೂರು ವರುಷಗಳ ತರುವಾಯ ಪಂಜೆಯವರು ಕಣ್ಮುಚ್ಚಿದ್ದು ಹೈದರಾಬಾದಿನಲ್ಲಿಯೇ. ಮಸೂದರು ಭೋಪಾಲದಲ್ಲಿ ತೀರಿಕೊಂಡದ್ದೂ ಅದೇ 1937ರಲ್ಲಿ. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವನ್ನಾಳುತ್ತಿದ್ದ ನಿಜಾಮನ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ರಾಯಚೂರು, ದೇವದುರ್ಗ, ಮಾನ್ವಿಗಳು ಕನ್ನಡ ನಾಡಿನೊಳಗೆ ಬಂದವು. ಹಾಲಿ ಸಿಕ್ಕಾ ಹೋಯಿತು, ಫಸಲಿ ಹೋಯಿತು. ತಾರಾನಾಥರು ಕಟ್ಟಿದ ಶಾಲೆಗೆ ಇಂದಿಗೂ ಹಮ್‌ದರ್ದ್ ಎಂದೇ ಹೆಸರು.