ಬಾಟಲಿಯಲ್ಲಿ ಚಿಗುರಿದ ಜರೀಗಿಡ

ಬೇಸಿಗೆ ಬಂತೆಂದರೆ ವರಾಂಡದ ಕುಂಡಗಳಿಗೆ ಕಷ್ಟಕಾಲ. ಬೆಳಿಗ್ಗೆ ನೀರುಂಡ ಗಿಡವೂ ಮಧ್ಯಾಹ್ನದ ವೇಳೆಗೆ ಬಾಡಿ ತಲೆ ಬಾಗಿಸಿರುತ್ತದೆ. ಬೇರು ಹೀರುವುದಕ್ಕಿಂತ ಬೇಗ ಎಲೆಗಳು ನೀರನ್ನು ಆವಿಯಾಗಿ ಹೊರಬಿಡುವುದೇ ಇದಕ್ಕೆ ಮುಖ್ಯ ಕಾರಣ. ಆ ಆವಿಯನ್ನು ಗಿಡದ ಬಳಿಯೇ ಹಿಡಿದಿಡಲು ಸಾಧ್ಯವೇ? ಸುಮಾರು ಎರಡು ಶತಮಾನಗಳ ಹಿಂದೆ ಲಂಡನ್ನಿನ ವೈದ್ಯರೊಬ್ಬರಿಗೆ ಇದರ ಉತ್ತರ ಆಕಸ್ಮಿಕವಾಗಿ ದೊರೆಯಿತು.

ಅವರ ಹೆಸರು ನಥಾನಿಯಲ್ ವಾರ್ಡ್. ಹಡಗುಕಟ್ಟೆಗೆ ಸಮೀಪದಲ್ಲಿದ್ದ ಅವರ ಮನೆಯ ಸುತ್ತ ಸದಾ ಕಲ್ಲಿದ್ದಲ ಹೊಗೆ. ಆಸೆಯಿಂದ ನೆಟ್ಟ ಜರೀಗಿಡಗಳು ಒಂದೂ ಉಳಿಯಲಿಲ್ಲ. 1829ರಲ್ಲಿ ಅವರು ಪತಂಗವೊಂದು ಹೊರಬರುವುದನ್ನು ನೋಡಲೆಂದು ಅದರ ಕೋಶವನ್ನು ಒದ್ದೆ ಮಣ್ಣಿನೊಂದಿಗೆ ಗಾಜಿನ ಬಾಟಲಿಯಲ್ಲಿಟ್ಟು ಮುಚ್ಚಳ ಹಾಕಿದರು. ಕೆಲವು ದಿನಗಳ ನಂತರ ಮಣ್ಣಿನಿಂದ ಪುಟ್ಟ ಜರೀಗಿಡ ಮತ್ತು ಹುಲ್ಲು ತಲೆಯೆತ್ತಿದವು! ಹಗಲಿನಲ್ಲಿ ಮೇಲೇರಿದ ಆವಿ ಗಾಜಿಗೆ ತಗಲಿ ಹನಿಯಾಗಿ ಮತ್ತೆ ಮಣ್ಣಿಗಿಳಿಯುತ್ತಿತ್ತು. ತೊಟ್ಟು ನೀರು ಹಾಕದಿದ್ದರೂ ಅವು ಹೆಚ್ಚುಕಡಿಮೆ ನಾಲ್ಕು ವರ್ಷ ಬದುಕಿದವು. ಕೊನೆಗೆ ಮುಚ್ಚಳ ತುಕ್ಕು ಹಿಡಿದು, ಮಳೆನೀರು ಒಳನುಗ್ಗಿ ಸತ್ತವು.

ಇದು ಬರಿಯ ಮನೆಯ ಹವ್ಯಾಸವಾಗಿ ಉಳಿಯಲಿಲ್ಲ. ಆ ಕಾಲದಲ್ಲಿ ದೂರದೇಶದ ಗಿಡಗಳನ್ನು ಹಡಗಿನಲ್ಲಿ ತರುವುದೆಂದರೆ ಬಹುಪಾಲು ಸಾಯಿಸುವುದೆಂದೇ ಅರ್ಥ. ಉಪ್ಪುಗಾಳಿ, ಬಿಸಿಲು ಒಂದು ಕಡೆ. ಕುಡಿಯುವ ನೀರಿಗೇ ತತ್ವಾರವಿದ್ದಾಗ ಗಿಡಕ್ಕೆ ನೀರೆಲ್ಲಿಯದು? ಚೀನಾದಿಂದ ಇಂಗ್ಲೆಂಡಿಗೆ ಒಂದು ಗಿಡ ಜೀವಂತವಾಗಿ ತಲುಪಲು ಸಾವಿರ ಗಿಡಗಳು ಸಾಯುತ್ತವೆ ಎಂದು ಮಕಾವ್‌ನಲ್ಲಿದ್ದ ಜಾನ್ ಲಿವಿಂಗ್‌ಸ್ಟನ್ 1819ರಲ್ಲಿ ಅಂದಾಜು ಮಾಡಿದ್ದರು.

1833ರಲ್ಲಿ ವಾರ್ಡ್ ಗಾಜಿನ ಎರಡು ಪೆಟ್ಟಿಗೆಗಳಲ್ಲಿ ಗಿಡಗಳನ್ನಿಟ್ಟು ಸಿಡ್ನಿಗೆ ಕಳುಹಿಸಿದರು. ಗಿಡಗಳು ಸುಖವಾಗಿ ತಲುಪಿದವು. 1834ರಲ್ಲಿ ಅವೇ ಪೆಟ್ಟಿಗೆಗಳು ಆಸ್ಟ್ರೇಲಿಯಾದ ಗಿಡಗಳನ್ನು ಹೊತ್ತು ಮರಳಿದವು. ದಕ್ಷಿಣ ಅಮೆರಿಕದ ತುದಿಯಲ್ಲಿ ಹಡಗಿನ ಮೇಲೆ ಒಂದಡಿ ಹಿಮ. ಭೂಮಧ್ಯರೇಖೆಯ ಬಳಿ 120 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 49 ಡಿಗ್ರಿ ಸೆಲ್ಸಿಯಸ್ ತಾಪ. ಒಮ್ಮೆಯೂ ನೀರು ಕಾಣದ ಗಿಡಗಳು ಹಸಿರಾಗಿಯೇ ಲಂಡನ್ ಸೇರಿದವು. ಮುಂದೆ ರಾಬರ್ಟ್ ಫಾರ್ಚೂನ್ ಚೀನಾದಿಂದ ಸಾವಿರಾರು ಚಹಾ ಸಸಿಗಳನ್ನು ಹಿಮಾಲಯದ ತಪ್ಪಲಿಗೆ ಸಾಗಿಸಿದ್ದು ಇಂಥ ಪೆಟ್ಟಿಗೆಗಳಲ್ಲೇ.

ಆದರೆ ಗಾಜಿನ ಪೆಟ್ಟಿಗೆ ಸರ್ವರಕ್ಷಕವೇನಲ್ಲ. ಮಲೇರಿಯಾಕ್ಕೆ ಮದ್ದಾದ ಕ್ವಿನೈನ್ ಕೊಡುವ ಸಿಂಕೋನಾ ಸಸಿಗಳನ್ನು ಕ್ಲೆಮೆಂಟ್ಸ್ ಮಾರ್ಕಂ 1860ರಲ್ಲಿ ಪೆರುವಿನಿಂದ ನಮ್ಮ ನೆರೆಯ ನೀಲಗಿರಿಗೆ ತಂದರು. ಕೆಂಪು ಸಮುದ್ರದ ಸೆಕೆಯಲ್ಲಿ ಬೆಂದು ಬಳಲಿದ್ದ ಆ ಸಸಿಗಳು ಊಟಿ ಮುಟ್ಟಿದರೂ ಉಳಿಯಲಿಲ್ಲ. ಮರುವರ್ಷ ತೋಟಗಾರ ರಾಬರ್ಟ್ ಕ್ರಾಸ್ ಜತೆಗಿದ್ದು ನೋಡಿಕೊಂಡು ತಂದ ಸಸಿಗಳು ಬದುಕಿದವು. ಊಟಿಯ ಸರ್ಕಾರಿ ತೋಟದ ಮೆಕ್‌ಐವರ್ ಅವುಗಳನ್ನು ಬೆಳೆಸಿ ಹೆಚ್ಚಿಸಿದರು. ತೇವವನ್ನು ಗಾಜು ಕಾಯಬಲ್ಲದು. ತಾಪದಿಂದ ಗಿಡವನ್ನು ಕಾಯಲು ಮನುಷ್ಯನ ಕಣ್ಣೇ ಬೇಕು.

ಇಂದು ಬೆಂಗಳೂರಿನ ಫ್ಲ್ಯಾಟುಗಳ ಮೇಜಿನ ಮೇಲೆ ಕಾಣುವ 'ಟೆರೇರಿಯಂ' ವಾರ್ಡರ ಬಾಟಲಿಯ ಮೊಮ್ಮಗು. ಅದನ್ನು ನೇರ ಬಿಸಿಲು ಬೀಳುವ ಕಿಟಕಿಯಲ್ಲಿಟ್ಟರೆ ಒಳಗಿನ ಗಿಡ ಬೆಂದೇ ಹೋಗುತ್ತದೆ. ತೆರೆದ ಕುಂಡಗಳಿಗೂ ಪಾಠ ಅದೇ. ಮಧ್ಯಾಹ್ನ ನೆರಳು, ಕುಂಡಗಳನ್ನು ಒತ್ತೊತ್ತಾಗಿ ಇಡುವುದು, ಮಣ್ಣಿನ ಮೇಲೆ ಒಣಗಿದ ಎಲೆಯ ಹೊದಿಕೆ, ಬೆಳಿಗ್ಗೆ ಬೆರಳಿಟ್ಟು ನೋಡಿ ಮಣ್ಣು ಒಣಗಿದ್ದರೆ ಮಾತ್ರ ನೀರು. ಬಾಡಿತೆಂದು ಕೊಡಗಟ್ಟಲೆ ಸುರಿದರೆ ಬೇರು ಕೊಳೆತೀತು. ವಾರ್ಡರ ಜರೀಗಿಡವನ್ನು ಕೊನೆಗೆ ಕೊಂದದ್ದೂ ಒಳನುಗ್ಗಿದ ನೀರೇ.