ತೊಟ್ಟಿಲು ತೂಗುವುದು ನಿಂತ ಕಾಲ: ಹಸುಳೆಯ ಇರುಳಿನ ಅಳು ಮತ್ತು ಅಮೆರಿಕದ ವೈದ್ಯರ ಉಪದೇಶ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗುವ ಕನ್ನಡದ ಅಜ್ಜಿಯರಿಗೆ ಅಲ್ಲೊಂದು ಕಷ್ಟದ ಗಳಿಗೆ ಎದುರಾಗುವುದುಂಟು. ಪಕ್ಕದ ಕೋಣೆಯಲ್ಲಿ ಮಗು ಅಳುತ್ತಿರುತ್ತದೆ. ಮಗಳು ಗಡಿಯಾರ ನೋಡುತ್ತ, "ಈಗಲೇ ಎತ್ಕೋಬೇಡಮ್ಮ" ಎನ್ನುತ್ತಾಳೆ. ಮಗು ತಾನಾಗಿ ಮಲಗುವುದನ್ನು ಕಲಿಸುವ ಸ್ಲೀಪ್ ಟ್ರೇನಿಂಗ್ ಎಂಬ ಈ ರೂಢಿ ಅಲ್ಲಿಯವರ ತಲೆತಲಾಂತರದ ಸಂಪ್ರದಾಯವೇನಲ್ಲ. ಅದರ ಲಿಖಿತ ಚರಿತ್ರೆಯ ಮುಖ್ಯ ಭಾಗ ಸುಮಾರು ನೂರಮೂವತ್ತು ವರ್ಷಗಳದ್ದು. ಮಗು ಮಲಗುವ ಜಾಗ ಬದಲಾದದ್ದೇ ಅದರ ಹುಟ್ಟಿಗೆ ದೊಡ್ಡ ಕಾರಣವೆಂದು ನನ್ನ ಎಣಿಕೆ.

ಅದಕ್ಕೂ ಮುಂಚೆ ಇದ್ದದ್ದು ಅಫೀಮಿನ ಕಾಲ. 1849ರಲ್ಲಿ ಮೇನ್ ಪ್ರಾಂತ್ಯದ ಬ್ಯಾಂಗೋರ್‌ನಲ್ಲಿ ಮಾರಾಟಕ್ಕೆ ಬಂದ 'ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್'ನಲ್ಲಿ ಅಫೀಮಿನಿಂದ ತೆಗೆದ ಮಾರ್ಫಿನ್ ಇತ್ತು. ಹಲ್ಲು ಹುಟ್ಟುವ ಸಂಕಟಕ್ಕೆಂದು ಚಮಚದಲ್ಲಿ ಕುಡಿಸಿದ ಆ ಔಷಧಿಯಿಂದ ಕೆಲವು ಕೂಸುಗಳು ಮತ್ತೆ ಏಳಲೇ ಇಲ್ಲ. ಒಳಗೇನಿದೆಯೆಂದು ಸೀಸೆಯ ಮೇಲೆ ಬರೆಯಬೇಕೆಂಬ ಕಾನೂನು ಬಂದದ್ದು 1906ರಲ್ಲಿ. 1911ರಲ್ಲಿ ಅಮೆರಿಕದ ವೈದ್ಯರ ಸಂಘ ಅದನ್ನು ಶಿಶುಘಾತಕ ಎಂದೇ ಕರೆಯಿತು.

ನ್ಯೂಯಾರ್ಕಿನ ಮಕ್ಕಳ ವೈದ್ಯ ಎಮೆಟ್ ಹೋಲ್ಟ್ ತಾಯಂದಿರಿಗೂ ದಾದಿಯರಿಗೂ ಪ್ರಶ್ನೋತ್ತರ ರೂಪದ ಕೈಪಿಡಿ ಬರೆದದ್ದು 1894ರಲ್ಲಿ. ಇಂಥ ಔಷಧಿ ಕೊಡಬಾರದೆಂದ ಆತ ತೂಗುವುದೂ ಬೇಡವೆಂದ. ದಿನಕ್ಕೆ 15ರಿಂದ 30 ನಿಮಿಷದ ಅಳು ಶ್ವಾಸಕೋಶಕ್ಕೆ ವ್ಯಾಯಾಮವೆಂದ. ಹಠದ ಅಳುವಾದರೆ ಅತ್ತು ಸುಮ್ಮನಾಗುವ ತನಕ ಬಿಡಬೇಕು, ಅದು ಒಂದು ಗಂಟೆಯಾಗಲಿ, ಎರಡು ಮೂರು ಗಂಟೆಯಾಗಲಿ ಎಂಬುದು ಅವನ ಮತ. ಸರ್ಕಾರದ ಮಕ್ಕಳ ಇಲಾಖೆ 1914ರಲ್ಲಿ ತಂದ 'ಇನ್‌ಫೆಂಟ್ ಕೇರ್' ಎಂಬ ಕಿರುಹೊತ್ತಗೆಯೂ ಇದೇ ಜಾಡು ಹಿಡಿದು, ಅತ್ತಾಗಲೆಲ್ಲ ಎತ್ತಿಕೊಂಡರೆ ಮಗು ಮನೆಯನ್ನೇ ಆಳುತ್ತದೆಂದು ಎಚ್ಚರಿಸಿತು. ಹಾಲುಗಲ್ಲದ ಕೂಸಿನ ಮೇಲೆ ದೊಡ್ಡವರ ಹಂಚಿಕೆಯನ್ನು ಹೊರಿಸಿದ ಈ ಮಾತು ನನಗೆ ಇಡೀ ಚರಿತ್ರೆಯಲ್ಲೇ ಹೆಚ್ಚು ನೋವುಂಟುಮಾಡುವುದು. 1928ರಲ್ಲಿ ಮನೋವಿಜ್ಞಾನಿ ಜಾನ್ ವಾಟ್ಸನ್ ಮಕ್ಕಳನ್ನು ಅಪ್ಪಿ ಮುದ್ದಿಡುವುದನ್ನೇ ಬೇಡವೆಂದ.

ಈ ಉಪದೇಶ ಮನೆಮನೆಗೆ ಇಳಿದದ್ದು ಹೇಗೆ? ಚರಿತ್ರಕಾರ ಪೀಟರ್ ಸ್ಟರ್ನ್ಸ್ ಮತ್ತು ಸಂಗಡಿಗರು 1996ರಲ್ಲಿ ಬರೆದ ಲೇಖನದಲ್ಲಿ ಉತ್ತರದ ಎಳೆ ಸಿಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ತೂಗುವ ತೊಟ್ಟಿಲು ಹಿಂದೆ ಸರಿದು, ನಾಲ್ಕೂ ಕಡೆ ಕಟಕಟೆಯಿರುವ ಅಲುಗದ ಮಂಚ ಬಂತು. ಮಗುವಿಗೆ ಬೇರೆ ಕೋಣೆಯಾಯಿತು. ಕೈಯಳತೆಯಲ್ಲಿದ್ದಾಗ ನಿದ್ದೆಗಣ್ಣಲ್ಲೇ ತೂಗಿದರೆ ತಣಿಯುತ್ತಿದ್ದ ಅಳು ಈಗ ತಾಯಿಯನ್ನು ಹಾಸಿಗೆಯಿಂದ ಎಬ್ಬಿಸಿ ನಡೆಸತೊಡಗಿತು. ರಾತ್ರಿಯೆದ್ದು ಅಳುವುದು ಚಿಕಿತ್ಸೆ ಬೇಡುವ ತೊಂದರೆಯಾಗಿ ಕಂಡದ್ದು ಆಗಲೇ.

1946ರಲ್ಲಿ ಶಿಶುಪಾಲನೆಯ ಪುಸ್ತಕ ತಂದ ಬೆಂಜಮಿನ್ ಸ್ಪಾಕ್ ಮೃದು ಮಾತಿನ ವೈದ್ಯನೆಂದು ಹೆಸರಾದರೂ, ರಾತ್ರಿಯ ಅಳುವಿನ ವಿಷಯದಲ್ಲಿ ಹೋಲ್ಟನಿಂದ ಬಹಳ ದೂರ ಹೋಗಲಿಲ್ಲ. ನಿಜವಾದ ಪ್ರಶ್ನೆ ಎತ್ತಿದವರು ಮನೋವಿಜ್ಞಾನಿಗಳಾದ ಸಿಲ್ವಿಯಾ ಬೆಲ್ ಮತ್ತು ಮೇರಿ ಐನ್ಸ್‌ವರ್ತ್. ಬಾಲ್ಟಿಮೋರಿನ 26 ತಾಯಿ-ಮಗು ಜೋಡಿಗಳನ್ನು ಒಂದು ವರ್ಷ ಅವರವರ ಮನೆಯಲ್ಲೇ ಗಮನಿಸಿದ ಇವರು 1972ರಲ್ಲಿ ಹೇಳಿದ್ದು: ಮೊದಲ ತಿಂಗಳುಗಳಲ್ಲಿ ಬೇಗ ಓಗೊಟ್ಟ ತಾಯಂದಿರ ಮಕ್ಕಳು ವರ್ಷ ತುಂಬುವ ಹೊತ್ತಿಗೆ ಕಡಿಮೆ ಅಳುತ್ತಿದ್ದವು. ಜೋಡಿಗಳು ಕೆಲವೇ, ಆಕ್ಷೇಪಗಳೂ ಬಂದವು. ಆದರೂ ಎತ್ತಿಕೊಂಡರೆ ಕೆಡುತ್ತದೆಂಬ ನಂಬಿಕೆಗೆ ಮನೆಯೊಳಗಿನ ಸಾಕ್ಷ್ಯ ಎದುರಾಯಿತು.

ಬಾಸ್ಟನ್ನಿನ ಮಕ್ಕಳ ವೈದ್ಯ ರಿಚರ್ಡ್ ಫರ್ಬರ್ 1985ರಲ್ಲಿ ಬರೆದ ಪುಸ್ತಕ ನಡುದಾರಿ ತೋರಿತು: ನಡುನಡುವೆ ಹೋಗಿ ಸಮಾಧಾನ ಮಾಡುವುದು, ಕಾಯುವ ನಿಮಿಷಗಳನ್ನು ಮೆಲ್ಲಗೆ ಹೆಚ್ಚಿಸುವುದು. ಅವನ ಹೆಸರೇ ಇಂಗ್ಲಿಷಿನಲ್ಲಿ ಕ್ರಿಯಾಪದವಾಯಿತು. ಪಕ್ಕದಲ್ಲಿ ಮಲಗಿಸಿಕೊಳ್ಳುವುದರ ಬಗ್ಗೆ ಇದ್ದ ಬಿಗಿಯನ್ನು ಅವನು 2006ರ ಪರಿಷ್ಕರಣೆಯಲ್ಲಿ ಸಡಿಲಿಸಿದ.

ಇಂಥ ತರಬೇತಿಯಿಂದ ಮಗುವಿಗೆ ಕೇಡಾಗುತ್ತದೆಯೇ ಎಂದು ತಿಳಿಯಲು ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಸಂಶೋಧಕರ ತಂಡ 326 ಮಕ್ಕಳನ್ನು ಆರಂಭಕ್ಕೆ ತೆಗೆದುಕೊಂಡು, ಆರನೆಯ ವಯಸ್ಸಿನಲ್ಲಿ ಮತ್ತೆ ಪರೀಕ್ಷಿಸಿ 2012ರಲ್ಲಿ ವರದಿ ಮಾಡಿತು. ತರಬೇತಿಯಿಂದ ಬಹುಕಾಲ ಉಳಿಯುವ ಹಾನಿಯೂ ಕಾಣಲಿಲ್ಲ, ಲಾಭವೂ ಕಾಣಲಿಲ್ಲ. ನಿದ್ದೆಗೆಟ್ಟು ಬಸವಳಿದ ತಾಯಿಗೆ ಇದು ದೊಡ್ಡ ನೆಮ್ಮದಿ; ಅವಳನ್ನು ಕಲ್ಲೆದೆಯವಳೆನ್ನಲು ಯಾರಿಗೂ ಆಧಾರವಿಲ್ಲ. ಆದರೆ ಅಲ್ಲಿ ತರಬೇತಿ ಶುರುವಾದದ್ದು ಎಂಟು ತಿಂಗಳ ಸುಮಾರಿಗೆ. ಅಳು ಆರನೆಯ ವಾರದ ಹೊತ್ತಿಗೆ ತಾನಾಗಿ ಏರಿ ಆಮೇಲೆ ಇಳಿಯುತ್ತದೆಂದು ಅಮೆರಿಕದ ಮಕ್ಕಳ ವೈದ್ಯ ಬೆರ್ರಿ ಬ್ರೇಜಲ್ಟನ್ 1962ರಲ್ಲೇ 80 ಶಿಶುಗಳ ದಿನಚರಿಯಿಂದ ತೋರಿಸಿದ್ದ. ಆ ವಾರಗಳ ಎಳೆಕೂಸಿಗೆ ಮೆಲ್ಬರ್ನ್‌ನ ಅಂಕಿಗಳು ಅನ್ವಯಿಸುವುದಿಲ್ಲ.